ದೀಪ ಹಿಡಿದವಳು ಯಾರು, ಬರೆದವರು ಯಾರು?



ನಿಮ್ಮೆಲ್ಲರಿಗೂ ಪರಿಚಯವಿರುವ ಒಂದು ಚಿತ್ರದ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ, ಮದುವೆಯಲ್ಲಿ ಉಡುಗೊರೆಯಾಗಿ ಬಂದ ಕಟ್ಟು ಹಾಕಿಸಿದ ಪಟದಲ್ಲಿ, ಊರ ಜಾತ್ರೆಯ ಪಟದ ಅಂಗಡಿಯಲ್ಲಿ ಇದನ್ನು ನೋಡದವರು ಕಡಿಮೆ. ಸೀರೆ ಉಟ್ಟ ಒಬ್ಬಳು ಹೆಣ್ಣುಮಗಳು ಕತ್ತಲೆಯಲ್ಲಿ ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪವಿದೆ. ಗಾಳಿಗೆ ಆರೀತೆಂದು ಇನ್ನೊಂದು ಕೈಯನ್ನು ದೀಪಕ್ಕೆ ಮರೆ ಹಿಡಿದಿದ್ದಾಳೆ. ಬೆರಳುಗಳ ಸಂದಿಯಿಂದ ಬೆಳಕು ಸೋಸಿ ಬರುತ್ತದೆ. ಬೆರಳಿನ ಅಂಚು ಕೆಂಪಗೆ ಹೊಳೆಯುತ್ತದೆ. ಮುಖ ಬೆಳಗಿದೆ, ಹಿಂದಿನ ಗೋಡೆಯ ಮೇಲೆ ಅವಳ ನೆರಳು ಬಿದ್ದಿದೆ. ಮೈಸೂರಿಗೆ ಹೋಗಿ ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿ ಬಂದವರು ಊರಿಗೆ ಬಂದು ಮೊದಲು ಹೇಳುವುದು ಈ ದೀಪದ ಹೆಂಗಸಿನ ಮಾತನ್ನೇ.

"ಯಾರು ಬರದಾರಪಾ ಇದನ್ನ?" ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ "ರವಿವರ್ಮ" ಎನ್ನುತ್ತಾರೆ. ಚಿತ್ರ ಮಾರುವವನೂ ಹಾಗೇ ಹೇಳುತ್ತಾನೆ, ಕೊಳ್ಳುವವನೂ ಹಾಗೇ ನಂಬುತ್ತಾನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು, ದೊಡ್ಡ ಪಂಡಿತನಲ್ಲ. ಆದರೆ ಇಲ್ಲಿ ಬೇಕಾಗಿರುವುದು ಮೂರನೆಯ ಇಯತ್ತೆಯ ಕಳೆಯುವ ಲೆಕ್ಕ ಮಾತ್ರ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ತಯಾರಾದದ್ದು 1945-46ರ ಸುಮಾರಿಗೆ. ನಡುವೆ ಸುಮಾರು ನಲವತ್ತು ವರ್ಷಗಳ ಅಂತರವಿದೆ. ತೀರಿಹೋದವರು ಬಂದು ಚಿತ್ರ ಬರೆಯಲಾರರು.

ಬರೆದವರು ಸಾವಳಾರಾಮ ಲಕ್ಷ್ಮಣ ಹಳದಣಕರ. ಸಾವಂತವಾಡಿಯವರು. ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು ಗೀತಾ. ಚಿತ್ರದ ಹೆಸರು 'ಗ್ಲೋ ಆಫ್ ಹೋಪ್', ಅಂದರೆ ಭರವಸೆಯ ಬೆಳಕು.

ಬರೆದವರ ಹೆಸರು ಹೇಳಿದರೆ ಮುಗಿಯಲಿಲ್ಲವೇ ಎಂದು ನೀವು ಕೇಳಬಹುದು. ಮುಗಿಯಲಿಲ್ಲ. ಆ ಮಗಳು ಯಾಕೆ ನಿಂತಳು, ತಂದೆ ಯಾಕೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡೇ ಬರೆದರು, ಮನಸ್ಸಿನಿಂದ ಯಾಕೆ ಬರೆಯಲಿಲ್ಲ, ಈ ಪ್ರಶ್ನೆಗಳ ಹಿಂದೆ ನಮ್ಮ ಪಡುವಣ ಸೀಮೆಯ ನೂರು ವರ್ಷಗಳ ಇತಿಹಾಸವಿದೆ. ಅದು ಮುಂಬಯಿ, ಕೊಲ್ಲಾಪುರ, ಗೋವೆ, ಸಾವಂತವಾಡಿ, ಮೈಸೂರು ಎಲ್ಲವನ್ನೂ ಹಾಯ್ದು ಬಂದ ಇತಿಹಾಸ. ಎರಡು ಭಾಷೆಯ ನಡುವೆ ಬದುಕುವ ನಮಗೆ ಅದು ಪರರ ಕಥೆಯಲ್ಲ.

ಮೊದಲು, ಎದುರಿಗೆ ಕೂರಿಸಿಕೊಂಡು ಬರೆಯುವುದು ಎಂದರೇನು ಎಂಬುದನ್ನು ನೋಡೋಣ.

ಚಿತ್ರ ಬರೆಯುವ ದಾರಿ ಮೂರು. ಒಂದು, ಮನಸ್ಸಿನಲ್ಲಿರುವ ರೂಪವನ್ನು ಬರೆಯುವುದು. ನಮ್ಮ ಗುಡಿಯ ಗೋಡೆಯ ಮೇಲಿನ ದೇವರು, ತೊಗಲುಗೊಂಬೆಯ ರಾಮ ರಾವಣರು ಹೀಗೆ ಬಂದವರು. ರಾಮನನ್ನು ಕಂಡು ಬರೆದವರು ಯಾರೂ ಇಲ್ಲ, ಆದರೂ ರಾಮ ಎಂದು ನಮಗೆ ಗುರುತು ಸಿಗುತ್ತದೆ. ಎರಡು, ಇನ್ನೊಂದು ಚಿತ್ರವನ್ನೋ ಫೋಟೋವನ್ನೋ ನೋಡಿ ಬರೆಯುವುದು. ಮೂರನೆಯದು, ಜೀವಂತ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಅವನ ಮುಖದ ಮೇಲೆ ಬೆಳಕು ಹೇಗೆ ಬಿದ್ದಿದೆ, ಕತ್ತು ಎತ್ತ ವಾಲಿದೆ, ಕೈ ಎಷ್ಟು ದಣಿದಿದೆ ಎಂದು ನೋಡುತ್ತ ನೋಡುತ್ತ ಬರೆಯುವುದು. ಇದರಲ್ಲಿ ಬರೆಯುವವನಿಗಿರುವಷ್ಟೇ ದುಡಿಮೆ ಕೂತವನಿಗೂ ಇದೆ. ಗಂಟೆಗಟ್ಟಲೆ ಅಲ್ಲಾಡದೆ ಇರಬೇಕು. ನೊಣ ಕೂತರೂ ಕೈ ಎತ್ತುವಂತಿಲ್ಲ.

ಈ ಮೂರನೆಯ ದಾರಿಯ ಬೆಲೆ ನನಗೆ ಬ್ಯಾಂಕಿನ ಕೌಂಟರಿನಲ್ಲಿ ತಿಳಿಯಿತು. ಪಿಂಚಣಿ ತೆಗೆದುಕೊಳ್ಳುವವರು ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ತಾವು ಬದುಕಿದ್ದೇವೆ ಎಂದು ತೋರಿಸಬೇಕೆಂಬ ನಿಯಮವಿದೆ. 2014ರಿಂದ ಅದಕ್ಕೆ ಬೆರಳಚ್ಚಿನ ಯಂತ್ರದ ವ್ಯವಸ್ಥೆಯೂ ಬಂತು. ಅದಕ್ಕೆ ಮೊದಲು ಖುದ್ದು ಬಂದು ಕೌಂಟರಿನ ಮುಂದೆ ನಿಲ್ಲುವುದೇ ರೂಢಿ. ಒಮ್ಮೆ ಒಬ್ಬ ಆಯಿ ಬಂದರು. ಕಡತದಲ್ಲಿದ್ದ ಫೋಟೋ ಇಪ್ಪತ್ತು ವರ್ಷ ಹಳೆಯದು. ಅದರಲ್ಲಿ ತುಂಬಿದ ಮುಖ, ಕಪ್ಪು ಕೂದಲು. ಎದುರಿಗೆ ಗಲ್ಲ ಒಳಹೋದ, ಬೆನ್ನು ಬಾಗಿದ ಜೀವ. ನಾನು ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡುತ್ತಿದ್ದೆ. ಆಯಿ ನಕ್ಕು, "ತಮ್ಮಾ, ಅದನ್ಯಾಕ ನೋಡ್ತಿ? ನಾನೇ ನಿಂತೀನಲ್ಲ ಎದುರಿಗೆ" ಎಂದರು. ಆ ಮಾತಿಗಿಂತ ದೊಡ್ಡ ದಾಖಲೆ ಇನ್ನಾವುದಿದೆ? ಎದುರಿಗೆ ಕೂರಿಸಿಕೊಂಡು ಬರೆಯುವ ಚಿತ್ರಕಾರ ಕೇಳುವುದೂ ಇದನ್ನೇ. ಹಳೆಯ ನೆನಪು ಬೇಡ, ಇನ್ನೊಬ್ಬರು ತೆಗೆದ ಪಟ ಬೇಡ, ನೀನೇ ಬಂದು ನಿಲ್ಲು ಎನ್ನುತ್ತಾನೆ.

ನಮ್ಮ ಸೀಮೆಗೆ ಮನುಷ್ಯರ ಮುಖ ಬರೆಯುವುದು ಹೊಸದಲ್ಲ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಬಂಧುಗಳಿಗೆ ವಿಜಾಪುರ ಹತ್ತಿರದ ಊರು. ಅಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹ ಸಂಗೀತ, ಚಿತ್ರ ಎರಡರಲ್ಲೂ ಮುಳುಗಿದ್ದ ದೊರೆ. ಅಂಗೈಯಗಲದ ಕಾಗದದ ಮೇಲೆ ಅವನ ಮುಖವನ್ನು ಬರೆದ ಚಿತ್ರಗಳು ಇಂದು ದೇಶವಿದೇಶದ ಸಂಗ್ರಹಾಲಯಗಳಲ್ಲಿವೆ. ಅವನ ಆಸ್ಥಾನದಲ್ಲಿ ಹಾಲೆಂಡಿನ ಹಾರ್ಲೆಮ್ ಪಟ್ಟಣದಿಂದ ಬಂದ ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರನೂ ಇದ್ದ. ಆದರೆ ಅದು ಅರಮನೆಯ ಕಲೆ. ಅಲ್ಲಿ ಮುಖ ಇದ್ದದ್ದು ದೊರೆಗೆ, ಸರದಾರನಿಗೆ, ಸೂಫಿ ಸಂತರಿಗೆ. ನೀರು ಹೊರುವವಳಿಗೆ, ಹೊಲದಾಳಿಗೆ, ಮನೆಯ ಮಗಳಿಗೆ ಸ್ವಂತ ಮುಖ ಸಿಗಲು ಇನ್ನೂ ಬಹಳ ಕಾಲ ಬೇಕಾಯಿತು.

ಆ ಬದಲಾವಣೆ ಬಂದದ್ದು ಮುಂಬಯಿಯಿಂದ. ಸರ್ ಜಮಶೇಟಜಿ ಜೀಜೀಭಾಯಿ ಎಂಬ ಪಾರಸಿ ವ್ಯಾಪಾರಿ 1853ರಲ್ಲಿ ಕಲಾಶಾಲೆಗಾಗಿ ಒಂದು ಲಕ್ಷ ರೂಪಾಯಿ ಕೊಡಮಾಡಿದರು. 1857ರಲ್ಲಿ, ಉತ್ತರದಲ್ಲಿ ದಂಗೆ ಎದ್ದ ಅದೇ ವರ್ಷ, ಶಾಲೆ ತೆರೆಯಿತು. ಅದೇ ಇಂದಿಗೂ ಜೆ.ಜೆ. ಸ್ಕೂಲ್ ಎಂದು ಹೆಸರಾದ ಸಂಸ್ಥೆ. ಅಲ್ಲಿ ಇಂಗ್ಲಿಷ್ ಪದ್ಧತಿಯ ಪಾಠವಿತ್ತು. ಮೊದಲು ಗಚ್ಚಿನ ಮೂರ್ತಿಗಳನ್ನು ನೋಡಿ ಗೆರೆ ಎಳೆಯಬೇಕು, ನೆರಳು ಬೆಳಕು ತಿದ್ದಬೇಕು, ಕೈ ಪಳಗಿದ ಮೇಲೆ ಜೀವಂತ ಮನುಷ್ಯನ ತಲೆ, ಕೈ, ಇಡೀ ಆಕೃತಿ. ಮುಂದೆ ಕ್ಯಾಪ್ಟನ್ ಗ್ಲ್ಯಾಡ್‌ಸ್ಟನ್ ಸಾಲೊಮನ್ ಎಂಬ ಪ್ರಾಚಾರ್ಯರು 1919ರ ಸುಮಾರಿಗೆ ಬಟ್ಟೆಯಿಲ್ಲದ ಮೈಯನ್ನು ನೋಡಿ ಬರೆಯುವ ವರ್ಗವನ್ನೂ ತೆರೆದರು. ಕೇಳಿ ಮುಜುಗರಪಡಬೇಕಾಗಿಲ್ಲ. ವೈದ್ಯ ಕಲಿಯುವವನು ಎಲುಬು, ಸ್ನಾಯು ನೋಡದೆ ವೈದ್ಯನಾಗಲಾರ. ಸೀರೆಯ ನೆರಿಗೆ ಸರಿಯಾಗಿ ಬೀಳಬೇಕಾದರೆ ಅದರೊಳಗಿನ ಮೊಳಕಾಲು ಎಲ್ಲಿದೆ ಎಂಬುದು ಚಿತ್ರಕಾರನಿಗೆ ಗೊತ್ತಿರಬೇಕು.

ಇದೇ ಕಾಲದಲ್ಲಿ ಕೇರಳದ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದ ರವಿವರ್ಮ, ಯಾವ ಕಲಾಶಾಲೆಗೂ ಹೋಗದೆ ಎಣ್ಣೆಬಣ್ಣವನ್ನು ವಶಮಾಡಿಕೊಂಡರು. ಕಾಸರಗೋಡಿನ ಬಂಧುಗಳಿಗೆ ಒಂದು ಮಾತು. ರವಿವರ್ಮರು ಈ ಕಸುಬಿಗೆ ಪೂರಾ ಇಳಿಯುವ ಮೊದಲು, 1870ರ ಸುಮಾರಿಗೆ, ಕೊಲ್ಲೂರಿಗೆ ಹೋಗಿ ಮೂಕಾಂಬಿಕೆಯ ಸೇವೆ ಮಾಡಿ ಬಂದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಹಣ ಪಡೆದು ಬರೆದ ಮೊದಲ ಚಿತ್ರಗಳಲ್ಲಿ ಕಲ್ಲಿಕೋಟೆಯ ಒಬ್ಬ ನ್ಯಾಯಾಧೀಶರ ಕುಟುಂಬದ ಚಿತ್ರವೂ ಒಂದು. ಮುಂದೆ ಬರೋಡೆ, ಮೈಸೂರು, ಉದಯಪುರ ಎಲ್ಲ ಅರಮನೆಗಳಿಗೂ ಅವರು ಬೇಕಾದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ರಾಮಾಯಣ ಮಹಾಭಾರತದ ಚಿತ್ರಗಳನ್ನು ಬರೆದುಕೊಟ್ಟದ್ದು ಅವರ ಕೊನೆಯ ದಿನಗಳ ಕೆಲಸ. 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು, ಬಡವರ ದೇವರಗೂಡಿಗೂ ಲಕ್ಷ್ಮಿ ಸರಸ್ವತಿಯರನ್ನು ತಂದವರು ಅವರೇ. ಆದ್ದರಿಂದ ಅವರ ಹೆಸರು ದೊಡ್ಡದು, ದೊಡ್ಡದಾಗಿಯೇ ಇರಲಿ.

ಆದರೆ ಅವರಿಗೂ ಒಂದು ತೊಡಕಿತ್ತು. ಶಕುಂತಲೆಯನ್ನೋ ದಮಯಂತಿಯನ್ನೋ ಬರೆಯಬೇಕಾದರೆ ಜೀವಂತ ಹೆಣ್ಣು ಎದುರಿಗೆ ನಿಲ್ಲಬೇಕು. ಮರ್ಯಾದಸ್ಥರ ಮನೆಯ ಹೆಂಗಸರು ಪರಪುರುಷನ ಎದುರು ಹೊತ್ತುಗಟ್ಟಲೆ ಕೂರುವುದು ಆ ಕಾಲದಲ್ಲಿ ಆಗದ ಮಾತು. ಹೀಗಾಗಿ ಹಾಡುವ, ನರ್ತಿಸುವ ಮನೆತನಗಳ ಹೆಣ್ಣುಮಕ್ಕಳು ಚಿತ್ರಕಾರರಿಗೆ ನೆರವಾದರು. ಗೋವೆಯ ಮೂಲದ ದೊಡ್ಡ ಗಾಯಕಿ ಅಂಜನಿಬಾಯಿ ಮಾಲಪೇಕರ ಅವರು ರವಿವರ್ಮರ ಚಿತ್ರಕ್ಕೆ ಕೂತಿದ್ದರೆಂಬ ಹೇಳಿಕೆ ಇದೆ. ಸ್ವಲ್ಪ ಯೋಚಿಸಿ ನೋಡಿ. ಯಾರನ್ನು ಸಮಾಜ ಹೊಸಿಲ ಹೊರಗೆ ನಿಲ್ಲಿಸಿತ್ತೋ ಅವರ ಮುಖವೇ ದೇವಿಯ ಮುಖವಾಗಿ ಅದೇ ಸಮಾಜದ ದೇವರಮನೆ ಸೇರಿತು. ಕೈಮುಗಿದವರಿಗೆ ದೇವಿಯ ಹೆಸರು ಗೊತ್ತಿತ್ತು, ಬರೆದವರ ಹೆಸರು ಗೊತ್ತಿತ್ತು. ಕೂತವಳ ಹೆಸರು ಮಾತ್ರ ಯಾರಿಗೂ ಬೇಕಾಗಲಿಲ್ಲ.

ಜೆ.ಜೆ. ಶಾಲೆಯಲ್ಲಿ ಕಲಿತ ಚಿತ್ರಕಾರರು ಇನ್ನೊಂದು ಉಪಾಯ ಕಂಡುಕೊಂಡರು. ಹೊರಗಿನವರು ಕೂರದಿದ್ದರೆ ಮನೆಯವರು ಇದ್ದಾರಲ್ಲ! ಗೋವೆಯ ಸಾಂಗೆಯಲ್ಲಿ 1870ರಲ್ಲಿ ಹುಟ್ಟಿದ ಆಂತೋನಿಯೊ ಶಾವಿಯೆರ್ ತ್ರಿಂದಾದ್ ಮುಂಬಯಿಗೆ ಹೋಗಿ ಆ ಶಾಲೆಯಲ್ಲಿ ಕಲಿತರು, ಅಲ್ಲೇ ಕಲಿಸಿದರು. ಕಪ್ಪು ಹಿನ್ನೆಲೆಯಿಂದ ಮುಖವನ್ನು ಬೆಳಕಿಗೆ ತರುವ ಅವರ ಹದ ಕಂಡು ಜನ ಅವರನ್ನು ಮೂಡಣದ ರೆಂಬ್ರಾಂಟ್ ಎಂದರು. ಅವರು ಮತ್ತೆ ಮತ್ತೆ ಬರೆದದ್ದು ಹೆಂಡತಿ ಫ್ಲೊರೆಂತಿನಾ ಅವರನ್ನು, ಮಕ್ಕಳನ್ನು, ಬೀದಿಯಲ್ಲಿ ಕಂಡ ಸಾಧು ಬೈರಾಗಿಗಳನ್ನು. ಮಗಳು ಆಂಜೆಲಾ ತಂದೆಯ ಎದುರು ಕೂರುತ್ತ ಕೂರುತ್ತ ತಾವೇ ಚಿತ್ರಕಲಾವಿದೆಯಾದರು. 1935ರಲ್ಲಿ ತೀರಿಕೊಂಡ ತ್ರಿಂದಾದರ ಚಿತ್ರಗಳು ಪಣಜಿಯ ಫುಂದಸಾಂವ್ ಓರಿಯೆಂತ್ ಸಂಸ್ಥೆಯ ಸಂಗ್ರಹದಲ್ಲಿವೆ. ಗೋವೆಯಲ್ಲಿರುವ ನಮ್ಮವರು ಪಣಜಿಗೆ ಹೋದಾಗ ಒಂದು ತಾಸು ಬಿಡುವು ಮಾಡಿಕೊಳ್ಳಬಹುದು.

ಕೊಲ್ಲಾಪುರದಲ್ಲಿ 1867ರಲ್ಲಿ ಹುಟ್ಟಿದ ಮಹಾದೇವ ವಿಶ್ವನಾಥ ಧುರಂಧರ ಅವರದೂ ಇದೇ ದಾರಿ. ವಿದ್ಯಾರ್ಥಿಯಾಗಿ ಶಾಲೆಗೆ ಹೋದವರು ಅಲ್ಲೇ ಗುರುವಾದರು. ತಮ್ಮ 41 ವರ್ಷಗಳ ಅನುಭವವನ್ನು ಮರಾಠಿಯಲ್ಲಿ ಪುಸ್ತಕವಾಗಿ ಬರೆದಿಟ್ಟರು. ಮೀನು ಮಾರುವವಳು, ನೀರಿನ ಕೊಡ ಹೊತ್ತವಳು, ಪೇಟೆಯ ಸೆಟ್ಟಿ, ಹಬ್ಬಕ್ಕೆ ಹೊರಟ ಮುತ್ತೈದೆಯರು, ಹೀಗೆ ಕಣ್ಣಿಗೆ ಬಿದ್ದವರನ್ನೆಲ್ಲ ಗೆರೆಯಲ್ಲಿ ಹಿಡಿದರು. ಅವರ ಮಗಳು ಅಂಬಿಕಾ ಸಹ ಆ ಶಾಲೆಯಲ್ಲೇ ಕಲಿತು ಕಲಾವಿದೆಯಾದರು. ನಮ್ಮ ಕಡೆಯಿಂದ ಧಾರವಾಡದ ಡಿ.ವಿ. ಹಾಲಭಾವಿ, ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ ಅವರೂ ಜೆ.ಜೆ. ಶಾಲೆಯ ಮೆಟ್ಟಿಲು ಹತ್ತಿದವರೇ. ಆಗ ರಾಜ್ಯಗಳ ಗಡಿ ಈಗಿನಂತೆ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಸೊಲ್ಲಾಪುರ ಎಲ್ಲ ಮುಂಬಯಿ ಇಲಾಖೆಯೇ. ಚಿತ್ರ ಕಲಿಯಬೇಕೆಂದರೆ ಮುಂಬಯಿ ಗಾಡಿ ಹತ್ತಬೇಕು.

ಹಳದಣಕರರು ಈ ಸಾಲಿನವರು. ಬೆಳಗಾವಿಯಿಂದ ಅಂಬೋಲಿ ಘಾಟಿ ಇಳಿದರೆ ಸಿಗುವ ಊರು ಸಾವಂತವಾಡಿ. ಈಗ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿದೆ. ಕಟ್ಟಿಗೆಯ ಆಟಿಗೆಗಳಿಗೆ, ಕೈಯಿಂದ ಬಣ್ಣ ಹಚ್ಚಿದ ಗಂಜೀಫಾ ಎಲೆಗಳಿಗೆ ಅದು ಹೆಸರಾದ ಊರು. ಅಲ್ಲಿ 1882ರಲ್ಲಿ ಹುಟ್ಟಿದ ಹುಡುಗನ ಕೈಚಳಕ ಶಾಲೆಯಲ್ಲೇ ಕಾಣಿಸಿತು. ಸಾವಂತವಾಡಿ ಸಂಸ್ಥಾನದ ನೆರವಿನಿಂದ 1903ರಲ್ಲಿ ಜೆ.ಜೆ. ಶಾಲೆ ಸೇರಿದರು. ಆಗ ಪ್ರಾಚಾರ್ಯರಾಗಿದ್ದವರು ಸೆಸಿಲ್ ಬರ್ನ್ಸ್. ನೀರುಬಣ್ಣದಲ್ಲಿ ಬರ್ನ್ಸ್ ಅವರದು ಪಳಗಿದ ಕೈ. ಶಿಷ್ಯನಿಗೂ ಆ ಬಣ್ಣದ ಗೀಳು ಹಿಡಿಯಿತು.

ಓದು ಮುಗಿದ ಮೇಲೆ ಹಳದಣಕರರು 1908ರಲ್ಲಿ ಮುಂಬಯಿಯಲ್ಲಿ ತಮ್ಮದೇ ಚಿತ್ರಶಾಲೆ ತೆರೆದರು. 1918ರಲ್ಲಿ ಆರ್ಟ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಘ ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಒಬ್ಬರಾದರು. ಆಗ ಮುಂಬಯಿಯಲ್ಲಿದ್ದ ಹಳೆಯ ಕಲಾಸಂಘದಲ್ಲಿ ಬಿಳಿಯರದೇ ಮೇಲುಗೈ. ನಮ್ಮವರ ಚಿತ್ರಗಳಿಗೆ ನಮ್ಮದೇ ಒಂದು ಗೋಡೆ ಬೇಕೆಂಬ ಹಂಬಲ ಹೊಸ ಸಂಘದ ಹಿಂದೆ ಇತ್ತು. ಹೀಗೆ ಕಲಿಸುವುದು, ಬರೆಯುವುದು ಎರಡನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ನಡೆಸಿ 1968ರಲ್ಲಿ ತೀರಿಕೊಂಡರು. ಪ್ರತಿಷ್ಠಿತರ ಭಾವಚಿತ್ರ ಬರೆದರು, ಬೀದಿಯ ಬಡವರನ್ನು ಬರೆದರು. ಅವರ ಕಾಲದಲ್ಲಿ ಚಿತ್ರಕಲೆಯ ಗಾಳಿ ಎರಡು ಸಲ ಬದಲಾಯಿತು. ಮೊದಲು ಬಂಗಾಳದವರು, ಈ ಪರದೇಶಿ ಪದ್ಧತಿ ಬಿಟ್ಟು ಅಜಂತೆಯ ದಾರಿಗೆ ಬನ್ನಿ ಎಂದರು. ಆಮೇಲೆ ಹೊಸಬರು ಬಂದು, ಇದ್ದದ್ದನ್ನು ಇದ್ದಂತೆ ಬರೆಯುವ ಕಾಲ ಮುಗಿಯಿತು ಎಂದರು. ಹಳದಣಕರರು ಎರಡೂ ಸಲ ತಮ್ಮ ದಾರಿ ಬಿಡಲಿಲ್ಲ. ಮನುಷ್ಯ ಎದುರಿಗೆ ಬರಲಿ, ಬೆಳಕು ಅವನ ಮೇಲೆ ಬೀಳಲಿ, ನಾನು ನೋಡಿ ಬರೆಯುತ್ತೇನೆ ಎಂಬುದೇ ಅವರ ನಡೆ.

ಕ್ಯಾಮೆರಾ ಬಂದ ಮೇಲೂ ಇದು ಯಾಕೆ ಬೇಕು ಎಂದು ಕೆಲವರು ಕೇಳಬಹುದು. ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದೇ 1854ರಲ್ಲಿ, ಕಲಾಶಾಲೆ ತೆರೆಯುವ ಮೊದಲು. ಫೋಟೋ ನೋಡಿ ಭಾವಚಿತ್ರ ಬರೆಯುವುದು ಅಗ್ಗ, ಬೇಗ. ಸೇಟಜಿಗೆ ಹೊತ್ತಿಲ್ಲ, ತೀರಿಹೋದ ಹಿರಿಯರನ್ನು ಕೂರಿಸಲಾಗದು. ಆದ್ದರಿಂದ ಅನೇಕ ಚಿತ್ರಕಾರರು ಫೋಟೋವನ್ನೇ ನೆಚ್ಚಿದರು, ಅದರಲ್ಲಿ ತಪ್ಪೂ ಇಲ್ಲ. ಆದರೆ ಫೋಟೋ ಹಿಡಿಯುವುದು ಒಂದು ಕ್ಷಣ. ಎದುರಿಗೆ ಕೂತ ಮನುಷ್ಯ ಮೂರು ತಾಸು ಕೂರುತ್ತಾನೆ. ಮೊದಲು ಬಿಗಿಯಾಗಿ, ಗತ್ತಿನಿಂದ ಕೂರುತ್ತಾನೆ. ಅರ್ಧ ತಾಸಿಗೆ ಹೆಗಲು ಇಳಿಯುತ್ತದೆ. ಒಂದು ತಾಸಿಗೆ ತಾನು ಕೂತಿರುವುದನ್ನೇ ಮರೆತು ಮನೆಯ ಚಿಂತೆಗೆ ಇಳಿಯುತ್ತಾನೆ. ಆಗ ಅವನ ನಿಜವಾದ ಮುಖ ಮೇಲೆ ಬರುತ್ತದೆ. ಚಿತ್ರಕಾರ ಕಾಯುವುದು ಅದಕ್ಕೆ. ಸಾಲದ ಅರ್ಜಿ ಹಿಡಿದು ಬಂದ ರೈತನ ಸಂಗತಿಯೂ ಹಾಗೇ. ಬಾಗಿಲಲ್ಲಿ ಒಂದು ಮುಖ, ಬೆಂಚಿನ ಮೇಲೆ ಎರಡು ತಾಸು ಕಾದ ಮೇಲೆ ಇನ್ನೊಂದು ಮುಖ. ಎರಡನೆಯದೇ ಅವನದು.

ಈಗ ದೀಪದ ಚಿತ್ರಕ್ಕೆ ಬರೋಣ. ಅದು ದೀಪಾವಳಿಯ ಹೊತ್ತು. ಮಗಳು ದೀಪ ಹಿಡಿದದ್ದು ತಂದೆಯ ಕಣ್ಣಿಗೆ ಬಿತ್ತು. ಹಾಗೇ ನಿಲ್ಲು ಎಂದರು. ಮೂರು ತಾಸು ನಿಂತಿದ್ದೆ ಎಂದು ಗೀತಾ ಅವರೇ ಮುಪ್ಪಿನಲ್ಲಿ ನೆನೆದು ಹೇಳಿದ್ದರು. ಮೂರು ತಾಸು ದೀಪ ಹಿಡಿದ ಕೈ ಎಷ್ಟು ಭಾರವಾದೀತು ಎಂಬುದನ್ನು ಮನೆಯಲ್ಲಿ ಒಮ್ಮೆ ಹಿಡಿದು ನೋಡಿ.

ಈ ಚಿತ್ರದ ದೊಡ್ಡ ಸಂಗತಿ ಇನ್ನೊಂದಿದೆ. ಬಹಳ ಜನ ಇದನ್ನು ಎಣ್ಣೆಬಣ್ಣದ್ದೆಂದು ತಿಳಿಯುತ್ತಾರೆ. ಇದು ಕಾಗದದ ಮೇಲೆ ನೀರುಬಣ್ಣದಲ್ಲಿ ಬರೆದದ್ದು. ಎಣ್ಣೆಬಣ್ಣ ನಿಧಾನ ಒಣಗುತ್ತದೆ. ತಪ್ಪಿದರೆ ಕೆರೆದು ತೆಗೆಯಬಹುದು, ಕಪ್ಪಿನ ಮೇಲೆ ಬಿಳುಪು ಹಚ್ಚಿ ಬೆಳಕು ತೋರಿಸಬಹುದು. ನೀರುಬಣ್ಣದಲ್ಲಿ ಹಾಗಿಲ್ಲ. ಅಲ್ಲಿ ಬೆಳಕು ಎಂದರೆ ಕಾಗದದ ಬಿಳುಪೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ಹಾಕದೆ ಬಿಡಬೇಕು. ತೆಳುವಾದ ಬಣ್ಣದಿಂದ ಶುರುಮಾಡಿ, ಪದರದ ಮೇಲೆ ಪದರ ಹಚ್ಚುತ್ತ ಕತ್ತಲೆಗೆ ಹೋಗಬೇಕು. ಒಮ್ಮೆ ಕಪ್ಪಾದದ್ದನ್ನು ಮತ್ತೆ ಬೆಳ್ಳಗೆ ಮಾಡುವುದು ಸುಲಭವಲ್ಲ. ಹಿಂದೆ ನಮ್ಮ ಲೆಡ್ಜರಿನಲ್ಲಿ ಅಂಕಿ ತಪ್ಪಿದರೆ ರಬ್ಬರ್ ಹಚ್ಚುವಂತಿರಲಿಲ್ಲ, ಹೊಡೆದು ಪಕ್ಕದಲ್ಲಿ ಸಹಿ ಮಾಡಬೇಕಿತ್ತು. ನೀರುಬಣ್ಣದ ಚಿತ್ರದಲ್ಲಿ ಹೊಡೆದು ಸಹಿ ಮಾಡುವ ಅವಕಾಶವೂ ಇಲ್ಲ!

ಇಂಥ ಬಣ್ಣದಲ್ಲಿ ಕತ್ತಲೆ ಕೋಣೆ, ಒಂದೇ ದೀಪ, ಬೆರಳಿನ ಸಂದಿಯ ಬೆಳಕು! ಮುಖದ ಬೆಳಕನ್ನು ಮೊದಲೇ ಉಳಿಸಿಟ್ಟುಕೊಂಡು ಸುತ್ತಲಿನ ಕತ್ತಲೆಯನ್ನು ಕಟ್ಟಬೇಕು. ದೀಪದ ಹತ್ತಿರದ ಗಲ್ಲ ಹೊಳೆಯಬೇಕು, ಸೀರೆಯ ನೇರಳೆ ಛಾಯೆ ಕೆಳಕೆಳಗೆ ಕತ್ತಲೆಯಲ್ಲಿ ಕರಗಬೇಕು. ಜ್ವಾಲೆ ಅಲ್ಲಾಡುತ್ತದೆ, ಅದರೊಂದಿಗೆ ನೆರಳೂ ಅಲ್ಲಾಡುತ್ತದೆ. ಬೆರಳಿನ ತೆಳು ಚರ್ಮದ ಮೂಲಕ ರಕ್ತ ಕೆಂಪಗೆ ಕಾಣುವುದನ್ನು ಯಾವ ಮನಸ್ಸೂ ತಾನಾಗಿ ಕಲ್ಪಿಸಿಕೊಳ್ಳಲಾರದು. ಅದು ಕಣ್ಣಾರೆ ಕಂಡವರಿಗೆ ಮಾತ್ರ ಬರುವ ಬಣ್ಣ. ನೀರುಬಣ್ಣದಲ್ಲಿ ತಪ್ಪಿಲ್ಲದೆ ಇಂಥದ್ದನ್ನು ಬರೆಯಲು ಬರುತ್ತದೆಂದು ತೋರಿಸುವ ಹಟವೂ ಅವರಿಗಿತ್ತೆಂದು ಹೇಳುತ್ತಾರೆ. ಆಗ ಅವರಿಗೆ ಅರವತ್ತು ದಾಟಿತ್ತು. ಅಂದರೆ ಆ ಮೂರು ತಾಸಿನ ಹಿಂದೆ ನಲವತ್ತು ವರ್ಷಗಳ ಸಾಧನೆ ಇತ್ತು.

ಚಿತ್ರ ಮೈಸೂರಿಗೆ ಹೋಗಿ ಜಗನ್ಮೋಹನ ಅರಮನೆ ಸೇರಿತು. 1861ರಲ್ಲಿ ಕಟ್ಟಿದ ಆ ಅರಮನೆಯಲ್ಲಿ 1915ರಿಂದ ಚಿತ್ರಶಾಲೆ ಇದೆ. ಅದಕ್ಕೆ ಆಮೇಲೆ ಜಯಚಾಮರಾಜೇಂದ್ರ ಎಂಬ ಹೆಸರು ಬಂತು. ಅಲ್ಲಿ ರವಿವರ್ಮರ ಮೂಲ ಚಿತ್ರಗಳೂ ಇವೆ. ತೊಡಕು ಇಲ್ಲೇ. ನೋಡಲು ಬಂದವರು ರವಿವರ್ಮರ ಹೆಸರು ಕೇಳಿಕೊಂಡೇ ಬರುತ್ತಾರೆ. ಒಂದು ಕೋಣೆಯಲ್ಲಿ ಅವರ ಚಿತ್ರ ನೋಡಿ, ಇನ್ನೊಂದರಲ್ಲಿ ದೀಪದವಳನ್ನು ನೋಡಿ, ಎಲ್ಲ ಒಬ್ಬರದೇ ಎಂದುಕೊಂಡು ಮನೆಗೆ ಹೋಗುತ್ತಾರೆ. ಆಮೇಲೆ ಅಚ್ಚಿನವರು ನಕಲು ತೆಗೆದರು. ಕ್ಯಾಲೆಂಡರಿನ ಮೇಲೆ ಸಿಮೆಂಟ್ ಕಂಪನಿಯ ಹೆಸರಿಗೆ ಜಾಗವಿತ್ತು, ಬರೆದವರ ಹೆಸರಿಗೆ ಇರಲಿಲ್ಲ. ಹೆಸರಿಲ್ಲದ ಚಿತ್ರಕ್ಕೆ ಜನ ತಮಗೆ ಗೊತ್ತಿದ್ದ ಒಂದೇ ಹೆಸರನ್ನು ಕೊಟ್ಟರು. ಯಾರೂ ಬೇಕೆಂದು ಮೋಸ ಮಾಡಲಿಲ್ಲ. ದೊಡ್ಡ ಹೆಸರು ಆಲದ ಮರದಂತೆ. ಅದರ ನೆರಳಲ್ಲಿ ಸಣ್ಣ ಗಿಡ ಏಳುವುದು ಕಷ್ಟ.

ಗೀತಾ ಅವರು ಮದುವೆಯಾಗಿ ಗೀತಾ ಉಪಳೇಕರ ಆದರು. ಕೊಲ್ಲಾಪುರದಲ್ಲಿ ಬಾಳಿದರು. ಲಕ್ಷಾಂತರ ಮನೆಗಳ ಗೋಡೆಯ ಮೇಲೆ ಅವರ ಮುಖವಿತ್ತು, ಆದರೂ ರಸ್ತೆಯಲ್ಲಿ ಹೋದರೆ ಗುರುತಿಸುವವರು ವಿರಳ. ಕೊನೆಯ ವರ್ಷಗಳಲ್ಲಿ ಪತ್ರಿಕೆಯವರು ಹೋಗಿ ಮಾತನಾಡಿಸಿದಾಗ ಮಾತ್ರ, ಆ ದೀಪದವಳು ಇನ್ನೂ ಇದ್ದಾರೆಂದು ಜನ ಅಚ್ಚರಿಪಟ್ಟರು. 2018ರ ಅಕ್ಟೋಬರ್ 2ರಂದು, 102ನೆಯ ವಯಸ್ಸಿನಲ್ಲಿ ಅವರು ಕಣ್ಣು ಮುಚ್ಚಿದರು. ರವಿವರ್ಮರು ತೀರಿಕೊಂಡದ್ದೂ ಅಕ್ಟೋಬರ್ 2ರಂದೇ, 112 ವರ್ಷ ಮೊದಲು. ಇದು ಬರಿಯ ಕಾಕತಾಳೀಯ. ಆದರೂ ಲೆಕ್ಕ ಬರೆದವನ ಕಣ್ಣಿಗೆ ಇಂಥದ್ದು ಬೀಳದೆ ಇರುವುದಿಲ್ಲ.

ಗಡಿಯಲ್ಲಿರುವ ನಮಗೆ ಈ ಕಥೆ ಯಾಕೆ ತಟ್ಟಬೇಕು? ಬರೆದವರು ಮರಾಠಿ ಮಾತಿನವರು, ಚಿತ್ರ ಇರುವುದು ಕನ್ನಡದ ಅರಮನೆಯಲ್ಲಿ, ಹೆಸರು ಹೋದದ್ದು ಮಲೆಯಾಳದ ದೊರೆಮನೆಯವರಿಗೆ. ಮೂರು ನಾಡಿನವರೂ ಇದನ್ನು ನಮ್ಮದೆಂದು ಮನೆಯಲ್ಲಿ ತೂಗುಹಾಕಿದ್ದಾರೆ. ಚಿತ್ರಕ್ಕೆ ಗಡಿ ಅಡ್ಡ ಬರಲಿಲ್ಲ, ಒಳ್ಳೆಯದೇ. ಆದರೆ ಗಡಿ ದಾಟುವಾಗ ಹೆಸರು ಕಳೆದುಹೋಗಬಾರದು. ಹೆಸರು ತಪ್ಪಿ ಬರೆಯುವುದೆಂದರೆ ಏನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಕಾಗದದಲ್ಲಿ ಮಲ್ಲಪ್ಪ, ಇನ್ನೊಂದರಲ್ಲಿ ಮಲಾಪಾ. ಶಾಲೆಯ ದಾಖಲೆಯಲ್ಲಿ ಒಂದು ಅಡ್ಡಹೆಸರು, ಉತಾರದಲ್ಲಿ ಇನ್ನೊಂದು. ಬ್ಯಾಂಕಿನ ಕೌಂಟರಿನಲ್ಲಿ ಅದನ್ನು ಸರಿಪಡಿಸಲು ಮುದುಕರು ಅಲೆಯುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಮನುಷ್ಯನಿಗೆ ತನ್ನ ಸರಿಯಾದ ಹೆಸರು ಸಿಗುವುದು ಸಣ್ಣ ಮಾತಲ್ಲ. ಸತ್ತ ಮೇಲೂ ಸಣ್ಣದಲ್ಲ.

ಕೊನೆಗೆ ನನ್ನದೊಂದು ವಿನಂತಿ. ನಿಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜ ಅಜ್ಜಿಯರ ಭಾವಚಿತ್ರವಿರಬಹುದು. ಕೈಯಿಂದ ಬರೆದದ್ದಿರಲಿ, ಬಣ್ಣ ತುಂಬಿದ ಹಳೆಯ ಫೋಟೋ ಇರಲಿ, ಇವತ್ತೇ ಇಳಿಸಿ ಧೂಳು ಒರೆಸಿ. ಮನೆಯ ಹಿರಿಯರನ್ನು ಕೇಳಿ. ಇವರು ಯಾರು, ಯಾವ ವರ್ಷದ್ದು, ಎಲ್ಲಿ ತೆಗೆಸಿದ್ದು, ಬರೆದವರೋ ತೆಗೆದವರೋ ಯಾರು. ತಿಳಿದಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿನ ಹಿಂದೆ ಅಂಟಿಸಿ. ಕನ್ನಡದಲ್ಲೂ ಬರೆಯಿರಿ, ಮಕ್ಕಳು ಶಾಲೆಯಲ್ಲಿ ಓದುವ ಭಾಷೆಯಲ್ಲೂ ಬರೆಯಿರಿ. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು. ಮುಂದಿನ ಸಲ ಯಾರಾದರೂ ದೀಪದ ಹೆಂಗಸಿನ ಪಟ ತೋರಿಸಿ ರವಿವರ್ಮರದು ಎಂದರೆ ಜಗಳಾಡಬೇಡಿ. ಇದು ಸಾವಂತವಾಡಿಯ ಹಳದಣಕರರು ತಮ್ಮ ಮಗಳು ಗೀತಾಳನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದದ್ದು ಎಂದು ಸಮಾಧಾನದಿಂದ ಹೇಳಿ. ನಾಲ್ಕು ಮಂದಿ ಕೇಳಿದರೂ ಸಾಕು, ಅವರು ಇನ್ನು ನಾಲ್ಕು ಮಂದಿಗೆ ಹೇಳುತ್ತಾರೆ.